ಒಂದೇ ಕಂಪನಿಯ ಇಬ್ಬರು ರೆಪ್‌ಗಳು ಒಬ್ಬರೇ ವೈದ್ಯರ ಬಳಿ ಬರುವುದೇಕೆ?

ಕ್ಲಿನಿಕ್ ಹೊರಗೆ ಬ್ಯಾಗ್ ಹಿಡಿದು ಕಾಯುವ ಮೆಡಿಕಲ್ ರೆಪ್‌ಗಳನ್ನು ನಾವೆಲ್ಲ ನೋಡಿದ್ದೇವೆ. ಅವರು ವೈದ್ಯರಿಗೆ ಔಷಧಿ ಮಾರಲು ಬರುತ್ತಾರೆಯೇ? ಸಾಮಾನ್ಯವಾಗಿ ಇಲ್ಲ. ಚೀಟಿ ಬರೆಯುವವರು ವೈದ್ಯರು, ದುಡ್ಡು ಕೊಡುವವರು ನಾವು. ಅದಕ್ಕೇ ಕಂಪನಿಗಳು ಮಾರಾಟದ ತಂಡವನ್ನು ವೈದ್ಯರ ಸುತ್ತ ಕಟ್ಟುತ್ತವೆ.

ಓಡಾಟ ಉಳಿಸಲು ಒಬ್ಬೊಬ್ಬ ರೆಪ್‌ಗೆ ಒಂದೊಂದು ಪ್ರದೇಶ. ದೊಡ್ಡ ಕಂಪನಿಗಳಲ್ಲಿ ಅದರ ಮೇಲೆ ಹೃದಯ, ಮಧುಮೇಹ, ಚರ್ಮ ಎಂದು ಬೇರೆ ಬೇರೆ ತಂಡಗಳು. ಹಾಗಾಗಿ ಒಂದೇ ಕಂಪನಿಯ ಇಬ್ಬರು ಒಂದೇ ಬಾಗಿಲಲ್ಲಿ ನಿಂತಿರಬಹುದು. ಇಬ್ಬರಿಗೂ ಟಾರ್ಗೆಟ್ ಬೇರೆ ಬೇರೆ.

ವೈದ್ಯರಿಗೆ ಉಡುಗೊರೆ ಕೊಡಬಾರದು ಎನ್ನುತ್ತದೆ ಕೇಂದ್ರ ಸರ್ಕಾರದ 2024ರ ಸಂಹಿತೆ. ಅನುಮಾನ ಬಂತೆಂದು ಔಷಧಿ ನಿಲ್ಲಿಸಬೇಡಿ. ಇದೇ ಔಷಧಿ ಜನೌಷಧಿ ಕೇಂದ್ರದಲ್ಲಿ ಸಿಗುತ್ತದೆಯೇ ಎಂದು ವೈದ್ಯರನ್ನೇ ಕೇಳಿ.