ಕೂರಿಸಿದ ಆಟಗಾರ, ಕೂರಿಸಬೇಕಾದ ಹಸು

ನನ್ನ ಜೊತೆ ಪಶುವೈದ್ಯ ಕಾಲೇಜಿನಲ್ಲಿ ಓದಿದ ಗೆಳತಿಯೊಬ್ಬಳು ಈಗ ಅಮೆರಿಕದ ವಿಸ್ಕಾನ್ಸಿನ್ ರಾಜ್ಯದಲ್ಲಿದ್ದಾಳೆ. ಅದು ಹಾಲು, ಚೀಸ್‌ಗೆ ಹೆಸರಾದ ನಾಡು. ಅಲ್ಲಿನ ಗಾಡಿಗಳ ನಂಬರ್ ಪ್ಲೇಟಿನ ಮೇಲೂ ‘ಅಮೆರಿಕದ ಹೈನುನಾಡು’ ಎಂಬ ಅರ್ಥದ ಮಾತು ಇರುತ್ತದೆ. ಕಳೆದ ಚಳಿಗಾಲದಲ್ಲಿ ಅವಳೊಂದು ಫೋಟೊ ಕಳಿಸಿದಳು. ತಲೆಯ ಮೇಲೆ ಹಳದಿ ಬಣ್ಣದ, ತೂತು ತೂತಾದ, ಚೀಸ್ ತುಂಡಿನಂಥ ದೊಡ್ಡ ಸ್ಪಂಜಿನ ಟೋಪಿ! ಗ್ರೀನ್ ಬೇ ಪ್ಯಾಕರ್ಸ್ ಎಂಬ ಫುಟ್‌ಬಾಲ್ ತಂಡದ ಆಟ ನೋಡಲು ಹೋಗುವವರು ಹಾಕಿಕೊಳ್ಳುವ ಟೋಪಿಯಂತೆ ಅದು. ‘ಚೀಸ್ ತಲೆಯವರು’ ಎಂದು ಹೊರಗಿನವರು ಆಡಿಕೊಂಡದ್ದನ್ನೇ ಆ ಜನ ಕಿರೀಟ ಮಾಡಿಕೊಂಡಿದ್ದಾರೆ.

ಹಾಲಿನ ಪತ್ರಿಕೆಯಲ್ಲಿ ಫುಟ್‌ಬಾಲ್ ಯಾಕೆ ಎಂದು ಕೇಳುತ್ತೀರಿ. ಸ್ವಲ್ಪ ತಾಳಿ.

ಈ ತಂಡಕ್ಕೆ ಒಬ್ಬ ಸಾಹುಕಾರ ಯಜಮಾನನಿಲ್ಲ. ಗ್ರೀನ್ ಬೇ ಸುಮಾರು ಒಂದು ಲಕ್ಷ ಜನರ ಊರು. 1923ರಲ್ಲಿ ತಂಡ ಹಣವಿಲ್ಲದೆ ಒದ್ದಾಡುವಾಗ ಊರವರೇ ಷೇರು ಹಾಕಿ ಉಳಿಸಿಕೊಂಡರು. ನಾನು ಹೇಳಹೊರಟಿರುವ 2010ರ ಹೊತ್ತಿಗೆ ಷೇರುದಾರರು ಸುಮಾರು 1,12,000 ಮಂದಿ ಇದ್ದರು. ಲಾಭಾಂಶ ಒಂದು ಪೈಸೆಯೂ ಇಲ್ಲ. ಆದರೂ ವರ್ಷಕ್ಕೊಮ್ಮೆ ಜುಲೈ ತಿಂಗಳಲ್ಲಿ ತಂಡದ ಮೈದಾನದಲ್ಲೇ ಸಭೆ ಸೇರಿ ಲೆಕ್ಕ ಕೇಳುತ್ತಾರೆ. ನಮ್ಮ ಸಂಘದ ಮಹಾಸಭೆಯ ಹಾಗೆಯೇ. ಅಲ್ಲಿ ಬೋಂಡಾ ಕೊಡುತ್ತಾರೋ ಇಲ್ಲವೋ ಗೆಳತಿ ಹೇಳಲಿಲ್ಲ.

ಅಮೆರಿಕದ ಫುಟ್‌ಬಾಲ್ ನಮ್ಮ ಮಕ್ಕಳು ಆಡುವ ಕಾಲ್ಚೆಂಡಲ್ಲ. ಮೊಟ್ಟೆಯಾಕಾರದ ಚೆಂಡನ್ನು ಕೈಯಲ್ಲೇ ಎಸೆಯುತ್ತಾರೆ, ಎದೆಗವಚಿಕೊಂಡು ಓಡುತ್ತಾರೆ. ಎದುರಿನವರು ಗುದ್ದಿ ಕೆಡವುತ್ತಾರೆ. ಕಬಡ್ಡಿಗೆ ಚೆಂಡು ಕೊಟ್ಟ ಹಾಗೆ. ಹೀಗಾಗಿ ಕೈಕಾಲು ಮುರಿಯುವುದು, ತಲೆಗೆ ಪೆಟ್ಟು ಬೀಳುವುದು ಸಾಮಾನ್ಯ. 2010ರಲ್ಲಿ ಪ್ಯಾಕರ್ಸ್‌ಗೆ ಈ ಕಾಟ ವಿಪರೀತವಾಗಿತ್ತು. ಮೊದಲ ಪಂದ್ಯದಲ್ಲೇ, ಫಿಲಡೆಲ್ಫಿಯಾದಲ್ಲಿ, ಚೆಂಡು ಹಿಡಿದು ಓಡುವ ಮುಖ್ಯ ಆಟಗಾರ ರಯಾನ್ ಗ್ರಾಂಟ್ ಕಾಲಿಗೆ ಪೆಟ್ಟಾಗಿ ಇಡೀ ವರ್ಷಕ್ಕೆ ಹೊರಬಿದ್ದ. ಋತು ಮುಗಿಯುವ ಹೊತ್ತಿಗೆ ಹೀಗೆ ಪಟ್ಟಿಯಿಂದ ಹೊರಗಾದವರು ಹದಿನೈದರಷ್ಟು ಮಂದಿ.

ನನಗೆ ಮುಖ್ಯವಾಗಿ ಕಾಣುವುದು ಡಿಸೆಂಬರ್ ತಿಂಗಳ ಒಂದು ವಾರ. ಡಿಸೆಂಬರ್ 12ರಂದು ಡೆಟ್ರಾಯಿಟ್‌ನಲ್ಲಿ ಚೆಂಡು ಎಸೆಯುವ ಆಟಗಾರ ಏರನ್ ರಾಜರ್ಸ್ ತಲೆಗೆ ಪೆಟ್ಟು ಮಾಡಿಕೊಂಡ. ಇಡೀ ತಂಡದ ಆಟ ನಿಂತಿರುವುದೇ ಅವನ ಕೈಮೇಲೆ. ಆ ಪಂದ್ಯ 7-3ರಿಂದ ಸೋತರು. ಮುಂದಿನ ಭಾನುವಾರ ನ್ಯೂ ಇಂಗ್ಲೆಂಡ್ ವಿರುದ್ಧ ಆಟ. ಆ ವರ್ಷ 16 ಪಂದ್ಯಗಳಲ್ಲಿ 14 ಗೆದ್ದ ತಂಡ ಅದು. ಪ್ಯಾಕರ್ಸ್ ಇನ್ನೊಂದು ಸೋತರೆ ಮುಂದಿನ ಹಂತದ ದಾರಿ ಮುಚ್ಚುವಂತಿತ್ತು. ಹಾಗಿದ್ದೂ ರಾಜರ್ಸ್‌ನನ್ನು ಕೂರಿಸಿದರು. ಮಿದುಳಿಗೆ ಬಿದ್ದ ಪೆಟ್ಟು ಮಾಯುವ ಮುಂಚೆ ಇನ್ನೊಂದು ಪೆಟ್ಟು ಬಿದ್ದರೆ ಪ್ರಾಣಕ್ಕೇ ಕುತ್ತು. ಅವನ ಬದಲು ಆಡಿದ್ದು ಮ್ಯಾಟ್ ಫ್ಲಿನ್ ಎಂಬ ಹುಡುಗ. ಚೆನ್ನಾಗಿಯೇ ಆಡಿದ, ಆದರೂ 31-27ರಿಂದ ಸೋತರು. ಬರೀ ನಾಲ್ಕು ಅಂಕ. ಅಂದು ರಾತ್ರಿ ಗ್ರೀನ್ ಬೇಯಲ್ಲಿ ಎಷ್ಟು ಮನೆಯಲ್ಲಿ ‘ಅವನನ್ನು ಇಳಿಸಬಾರದಿತ್ತೇ’ ಎಂದು ಗೊಣಗಿರಬಹುದು!

ಮರು ವಾರ ರಾಜರ್ಸ್ ಬಂದ. ನ್ಯೂಯಾರ್ಕ್ ಜೈಂಟ್ಸ್ ಮೇಲೆ 45-17, ಕೊನೆಯ ಪಂದ್ಯದಲ್ಲಿ ಶಿಕಾಗೋ ಮೇಲೆ 10-3. ಹತ್ತು ಗೆಲುವು, ಆರು ಸೋಲು. ತಮ್ಮ ಗುಂಪಿನ ಆರು ತಂಡಗಳಲ್ಲಿ ಕೊನೆಯದಾಗಿ ಮುಂದಿನ ಹಂತಕ್ಕೆ ನುಸುಳಿದರು. ಅಲ್ಲಿಂದ ಮೂರೂ ಪಂದ್ಯ ಪರ ಊರಿನಲ್ಲೇ ಆಡಿ ಗೆದ್ದರು. ಅದರಲ್ಲಿ ಮೊದಲನೆಯದು ಅದೇ ಫಿಲಡೆಲ್ಫಿಯಾದಲ್ಲಿ. ಗ್ರಾಂಟ್ ಬಿದ್ದ ಜಾಗದಲ್ಲಿ ಜೇಮ್ಸ್ ಸ್ಟಾರ್ಕ್ಸ್ ಎಂಬ ಹೊಸಬ 123 ಗಜ ಓಡಿದ. ಆ ವರ್ಷದ ಅರ್ಧ ಭಾಗ ಅವನೂ ಗಾಯದಿಂದ ಹೊರಗೇ ಕೂತಿದ್ದವನು. 2011ರ ಫೆಬ್ರುವರಿ 6ರಂದು ಟೆಕ್ಸಸ್‌ನಲ್ಲಿ ಸೂಪರ್ ಬೌಲ್, ಅಂದರೆ ಫೈನಲ್. ಮೊದಲರ್ಧದಲ್ಲೇ ಹಿರಿಯ ಆಟಗಾರ ಚಾರ್ಲ್ಸ್ ವುಡ್‌ಸನ್ ಕೊರಳೆಲುಬು ಮುರಿದುಕೊಂಡ. ಉಳಿದವರು ಸಂಭಾಳಿಸಿ ಪಿಟ್ಸ್‌ಬರ್ಗ್ ತಂಡವನ್ನು 31-25ರಿಂದ ಸೋಲಿಸಿದರು. ಪಂದ್ಯದ ಶ್ರೇಷ್ಠ ಆಟಗಾರ ರಾಜರ್ಸ್.

ಆ ಕಪ್ಪು ಗೆದ್ದದ್ದರಲ್ಲಿ ಸೋತ ಆ ನ್ಯೂ ಇಂಗ್ಲೆಂಡ್ ಪಂದ್ಯದ ಪಾಲೂ ಇದೆ ಎಂಬುದು ನನ್ನ ಅಭಿಪ್ರಾಯ.

ಈಗ ನಮ್ಮ ಕೊಟ್ಟಿಗೆಗೆ ಬನ್ನಿ. ಹೋದ ತಿಂಗಳು ಒಬ್ಬ ಅಕ್ಕನ ಹಸುವಿಗೆ ಕೆಚ್ಚಲು ಬಾವು. ಮೊಲೆಗೆ ಟ್ಯೂಬ್ ಹಾಕಿ, ಇಂಜೆಕ್ಷನ್ ಕೊಟ್ಟು, ‘ನಾಲ್ಕು ದಿನ ಡೇರಿಗೆ ಹಾಲು ಹಾಕಬೇಡಿ’ ಎಂದೆ. ‘ಮೂರು ಮೊಲೆ ಚೆನ್ನಾಗವಲ್ಲ ಡಾಕ್ಟ್ರಮ್ಮ, ಅವುಗಳ ಹಾಲಾದ್ರೂ ಹಾಕ್ತೀನಿ’ ಅಂದರು. ಎಷ್ಟೋ ಮನೆಗಳಲ್ಲಿ ಇದೇ ಮಾತು. ಒಂದು ಮೊಲೆಗೆ ಔಷಧ ಹಾಕಿದರೂ ನಾಲ್ಕೂ ಮೊಲೆಯ ಹಾಲನ್ನು ಬದಿಗಿಡಬೇಕು. ಔಷಧ ರಕ್ತದಲ್ಲಿ ಸೇರಿ ಎಲ್ಲ ಕಡೆಗೂ ಹೋಗುತ್ತದೆ. ಕಾಯಿಸಿದರೂ ಅದು ಪೂರ್ತಿ ಹೋಗುವುದಿಲ್ಲ. ಆ ಹಾಲಿಗೆ ಹೆಪ್ಪು ಹಾಕಿ ನೋಡಿ, ಮೊಸರು ಸರಿಯಾಗಿ ಆಗುವುದಿಲ್ಲ. ನಿಮ್ಮೊಬ್ಬರ ಐದು ಲೀಟರ್ ಊರಿನವರ ಅಷ್ಟೂ ಹಾಲಿನ ಜೊತೆ ಸೇರುತ್ತದೆ. ಎಷ್ಟು ದಿನ ಎಂಬುದು ಔಷಧದ ಮೇಲೆ ಹೋಗುತ್ತದೆ, ಕೆಲವಕ್ಕೆ ನಾಲ್ಕು ದಿನವೂ ಸಾಲದು. ಚಿಕಿತ್ಸೆ ಕೊಟ್ಟವರನ್ನೇ ಕೇಳಿ.

ಇಷ್ಟೆಲ್ಲ ಹೇಳಿದ ಮೇಲೆ ಆ ಅಕ್ಕ ಒಂದು ಮಾತು ಕೇಳಿದರು. ‘ನಾಲ್ಕು ದಿನದ್ದು ನಲವತ್ತು ಲೀಟರ್. ಬಟವಾಡೆಯಲ್ಲಿ ಅದು ಕಮ್ಮಿಯಾದ್ರೆ ಬೂಸಾ, ಹಿಂಡಿ ಯಾರು ಕೊಡ್ತಾರೆ?’ ನನ್ನ ಹತ್ತಿರ ಉತ್ತರವಿರಲಿಲ್ಲ.

ಗ್ರೀನ್ ಬೇಯಲ್ಲಿ ರಾಜರ್ಸ್ ಕೂತಾಗ ಅವನ ಸಂಬಳ ನಿಲ್ಲಲಿಲ್ಲ. ಮೈದಾನದಲ್ಲಿ ಆಡುವವರು 11 ಜನ; ತಂಡ ಸಾಕುವುದು 53 ಜನರನ್ನು. ಕೂತವರ ಖರ್ಚನ್ನು ತಂಡ ಹೊರುತ್ತದೆ, ಅದಕ್ಕೇ ಕೂರಿಸುವ ಧೈರ್ಯ ಬರುತ್ತದೆ. ನಮ್ಮಲ್ಲಿ ಹಸು ಕೂತರೆ ನಷ್ಟವೆಲ್ಲ ಒಬ್ಬ ಹೆಂಗಸಿನ ತಲೆಗೆ. ಆಮೇಲೆ ‘ಹಾಲಿನಲ್ಲಿ ಔಷಧ ಬಂತು’ ಎಂದು ಅವಳನ್ನೇ ಬೈಯುತ್ತೇವೆ. ನನ್ನಂಥ ಡಾಕ್ಟರುಗಳೂ ಬೈದಿದ್ದೇವೆ. ಇದು ನ್ಯಾಯವಲ್ಲ.

ಪ್ರತಿ ಸಂಘವೂ ತನ್ನ ಲಾಭದಲ್ಲಿ ಒಂದಿಷ್ಟನ್ನು ಇದಕ್ಕೆಂದೇ ಎತ್ತಿಡಲಿ. ಚಿಕಿತ್ಸೆಯ ದಿನಗಳಲ್ಲಿ ಹಾಲು ತಡೆಹಿಡಿದವರಿಗೆ ಅರ್ಧ ದರವನ್ನಾದರೂ ಕೊಡಲಿ. ಸುಳ್ಳು ಹೇಳಿ ದುಡ್ಡು ತಗೊಳ್ಳುತ್ತಾರೆ ಎಂದು ಕೆಲವು ಸೆಕ್ರೆಟರಿಗಳು ಈಗಾಗಲೇ ನನಗೆ ಹೇಳಿದ್ದಾರೆ. ಹಸುವಿನ ಕಿವಿಯಲ್ಲಿ 12 ಅಂಕಿಯ ಓಲೆ ಇದೆಯಲ್ಲ. ಆ ಸಂಖ್ಯೆ, ಕೊಟ್ಟ ಔಷಧ, ಹಾಲು ಹಾಕಬಾರದ ದಿನಗಳನ್ನು ಬರೆದು ನಾನೇ ಚೀಟಿ ಕೊಡುತ್ತೇನೆ. ಒಂದೇ ಹಸುವಿನ ಚೀಟಿ ತಿಂಗಳಿಗೆ ಮೂರು ಸಲ ಬಂದರೆ ಅದು ಮೋಸವಾಗಿರಲಿ, ವಾಸಿಯಾಗದ ಬಾವಾಗಿರಲಿ, ಎರಡೂ ನಮಗೆ ಗೊತ್ತಾಗಬೇಕಾದದ್ದೇ.

ಷೇರು ನಿಮ್ಮ ಹೆಸರಿನಲ್ಲಿದೆ. ಈ ಸಲದ ಮಹಾಸಭೆಗೆ ಯಜಮಾನರನ್ನು ಕಳಿಸದೆ ನೀವೇ ಹೋಗಿ, ಈ ವಿಷಯ ಎತ್ತಿ. ಕರೆದರೆ ನಾನೂ ಬರುತ್ತೇನೆ. ಆ ಅಕ್ಕನ ಸಂಘದವರು ಆಗಲೇ ಕರೆದಿದ್ದಾರೆ.