ಬೂಷ್ಟು ಬಂದದ್ದು ಬಚ್ಚಲಿಗೆ, ಬೈಗುಳ ಬಂದದ್ದು ಹೆಂಡತಿಗೆ

ನಮ್ಮ ಜಮಖಂಡಿ ಮನೆಯ ಬಚ್ಚಲಿನಲ್ಲಿ, ಟೈಲ್ಸಿನ ಸಂದಿಗಳಲ್ಲಿ ಮತ್ತು ಅದರ ಮೇಲಿನ ಗೋಡೆಯ ಮೂಲೆಯಲ್ಲಿ, ಒಂದು ಮಳೆಗಾಲ ಕಪ್ಪು ಚುಕ್ಕಿ ಕಾಣಿಸಿಕೊಂಡವು. ಮೊದಲು ಸಾಸಿವೆ ಕಾಳಿನಷ್ಟು. ದಸರಾ ಬರುವ ಹೊತ್ತಿಗೆ ಅಂಗೈಯಗಲ. ನಾನು ಮಾಡಿದ ಮೊದಲ ಕೆಲಸ ಏನು ಗೊತ್ತೇ? ಹೆಂಡತಿಯನ್ನು ಕರೆದು "ಬಚ್ಚಲಾ ಸ್ವಚ್ಛ ಇಡಾಕ ಆಗಂಗಿಲ್ಲೇನು?" ಎಂದು ಕೇಳಿದ್ದು.

"ವಾರಕ್ಕ ಎರಡ ಸಲ ತಿಕ್ಕತೀನ್ರಿ, ಇನ್ನೇನ್ ಮಾಡ್ಲಿ?" ಅಂದಳು.

ಮರುದಿನ ಹಟಕ್ಕೆ ಬಿದ್ದು ಆಸಿಡ್ ಸುರಿದು ತಿಕ್ಕಿದಳು. ಹೋಗಲಿಲ್ಲವೆಂದು ಅದರ ಮೇಲೆಯೇ ಬ್ಲೀಚಿಂಗ್ ಪೌಡರ್ ಚೆಲ್ಲಿದಳು. ಎರಡೂ ಕೂಡಿದರೆ ಹುಟ್ಟುವುದು ಕ್ಲೋರಿನ್ ಅನಿಲ. ಕೆಮ್ಮುತ್ತ, ಕಣ್ಣೀರು ಸುರಿಸುತ್ತ ಹೊರಗೆ ಓಡಿ ಬಂದಳು. ಬಾಗಿಲು ತೆರೆದಿತ್ತು, ಬಚಾವಾದಳು. ಹಾಕಿಕೊಂಡಿದ್ದರೆ...? ಆ ಪ್ರಶ್ನೆ ಇವತ್ತಿಗೂ ನನ್ನ ನಿದ್ದೆ ಕೆಡಿಸುತ್ತದೆ.

ಅದಕ್ಕೇ ಈ ಬರಹ. ಬೂಷ್ಟು ಹೊಲಸಿನಿಂದ ಬರುವುದಿಲ್ಲ ಸ್ವಾಮೀ, ತೇವದಿಂದ ಬರುತ್ತದೆ. ಅದರ ಬೀಜಕಣಗಳು ಎಲ್ಲ ಮನೆಯ ಗಾಳಿಯಲ್ಲೂ ಇರುತ್ತವೆ. ಒಣಗದ ಗೋಡೆ ಸಿಕ್ಕಲ್ಲಿ ಬೇರೂರುತ್ತವೆ. ತಿಕ್ಕುವವಳ ಕೈಯಲ್ಲಿ ದೋಷವಿಲ್ಲ, ಕಟ್ಟಿಸಿದವನ ತಲೆಯಲ್ಲಿ ಇದೆ. ನಮ್ಮ ಮನೆಯಲ್ಲಿ ಕಟ್ಟಿಸಿದವನು ನಾನೇ. "ಗಾಜ್ ಹಾಕಿ ಪ್ಯಾಕ್ ಮಾಡಿಬಿಡೋಣ್ರಿ ಸರ, ಸೊಳ್ಳಿ ಬರಂಗಿಲ್ಲ" ಎಂದು ಗೌಂಡಿ ಹೇಳಿದಾಗ ಖುಷಿಯಿಂದ ತಲೆಯಾಡಿಸಿ ವೆಂಟಿಲೇಟರ್ ಮುಚ್ಚಿಸಿದ ಮಹಾನುಭಾವ!

ನಮ್ಮದೇನು ಮಲೆನಾಡೇ? ಜಮಖಂಡಿ, ಮುಧೋಳ, ಬೀಳಗಿ ಕಡೆ ವರ್ಷದ ಸರಾಸರಿ ಮಳೆ 600 ಮಿಲಿಮೀಟರ್ ಕೂಡ ಮುಟ್ಟುವುದಿಲ್ಲ. ಮಂಗಳೂರಿನಲ್ಲಿ ಇದರ ಐದಾರು ಪಟ್ಟು ಸುರಿಯುತ್ತದೆ. ಅವರ ಗೋಡೆ ಬೂಷ್ಟು ಹಿಡಿದರೆ ಅರ್ಥವಿದೆ. ಕಿಟಕಿ ತೆರೆದರೆ ಸಾಕು ಒದ್ದೆ ಪಂಚೆ ತಾಸಿನಲ್ಲಿ ಗರಿಗರಿಯಾಗುವ ಬಿಸಿಲೂರಿನಲ್ಲಿ ಬಚ್ಚಲು ಬೂಷ್ಟು ಹಿಡಿಯಿತೆಂದರೆ ನಾಚಿಕೆಯಾಗಬೇಕು.

ತೇವದ ಬುದ್ಧಿ ನಮಗೆ ಗೊತ್ತಿಲ್ಲವೆಂದಲ್ಲ. ಗಂಜಿ ಕುಡಿಸಿದ ಹಾಸು ಮಳೆಗಾಲದಲ್ಲಿ ಸರಿಯಾಗಿ ಒಣಗದಿದ್ದರೆ ಏನಾಗುತ್ತದೆಂದು ರಬಕವಿ-ಬನಹಟ್ಟಿಯ ನೇಕಾರರನ್ನು ಕೇಳಿ. ಥಂಡಿ ಹತ್ತಿದ ಬೆಲ್ಲದ ಗತಿಯನ್ನು ಮಹಾಲಿಂಗಪುರದ ಪೇಟೆಯಲ್ಲಿ ಕೇಳಿ. 2019ರ ಆಗಸ್ಟಿನಲ್ಲಿ ಘಟಪ್ರಭೆ, ಕೃಷ್ಣೆ ಉಕ್ಕಿ ಮುಧೋಳ, ಜಮಖಂಡಿ ಕಡೆಯ ಮನೆಗಳಿಗೆ ನುಗ್ಗಿದ ಮೇಲೆ ಗೋಡೆಗೆ ಬೂಷ್ಟು ಹತ್ತಿದಾಗ "ಆ ಮನೀ ಹೆಂಗಸರು ಹೊಲಸ" ಎಂದು ಯಾರಾದರೂ ಅಂದರೇ? ಇಲ್ಲ. ನೀರು ನಿಂತಿತ್ತು, ಅದಕ್ಕೇ ಎಂದೆವು. ಬೆಲ್ಲಕ್ಕೆ, ನೂಲಿಗೆ, ನೆರೆಗೆ ಇರುವ ನ್ಯಾಯ ಬಚ್ಚಲಿಗೆ ಮಾತ್ರ ಯಾಕಿಲ್ಲ?

ಬೀಳಗಿಯ ಅಜ್ಜನ ಮನೆಯ ಬಚ್ಚಲಿನಲ್ಲಿ ಬೂಷ್ಟು ನೋಡಿದ ನೆನಪೇ ಇಲ್ಲ. ಮಾಳಿಗೆಯಲ್ಲಿ ಬೆಳಕಿಂಡಿ. ದಿನಾ ಬೆಳಿಗ್ಗೆ ಹಂಡೆಯ ಕೆಳಗೆ ಹತ್ತಿಕಟ್ಟಿಗೆ ಉರಿ. ವರ್ಷಕ್ಕೊಮ್ಮೆ ಗೋಡೆಗೆ ಸುಣ್ಣ. ಹೊಸ ಸುಣ್ಣದ ಕ್ಷಾರಕ್ಕೆ ಬೂಷ್ಟು ಹತ್ತಿರ ಸುಳಿಯುವುದಿಲ್ಲ, ಆದರೆ ಗಾಳಿ ತಾಕುತ್ತ ಆ ಗುಣ ತಗ್ಗುತ್ತದೆ, ಅದಕ್ಕೇ ಮತ್ತೆ ಮತ್ತೆ ಬಳಿಯುತ್ತಿದ್ದರು. ಹಾಗಂತ "ಹಳೇದೇ ಚೆಂದ" ಎಂದು ರಾಗ ಎಳೆಯಲಾರೆ. ಆ ಹೊಗೆ ಕುಡಿದವಳು ನನ್ನ ಅಜ್ಜಿ. ಆಗಲೂ ಹೆಣ್ಣೇ, ಈಗಲೂ ಹೆಣ್ಣೇ. ಒಲೆ ಹೋಗಿ ಗೀಸರ್ ಬಂದದ್ದು ಒಳ್ಳೆಯದೇ ಆಯಿತು. ಒಲೆಯ ಜೊತೆ ಬೆಳಕಿಂಡಿಯನ್ನೂ ಕಳಿಸಿಕೊಟ್ಟದ್ದು ಮಾತ್ರ ನಮ್ಮ ದಡ್ಡತನ.

ಪಕ್ಕದವರ ಗೋಡೆಗೆ ಗೋಡೆ ಹಚ್ಚಿ ಕಟ್ಟುತ್ತೇವೆ. ಸೈಟಿನಲ್ಲಿ ಒಂದಡಿ ಬಿಡಲು ಜೀವ ಒಲ್ಲೆನ್ನುತ್ತದೆ. ಬಚ್ಚಲಿನ ಒಂದು ಗೋಡೆಯಾದರೂ ಹೊರಗಾಳಿಗೆ ತೆರೆದಿರಬೇಕೆಂದು ರಾಷ್ಟ್ರೀಯ ಕಟ್ಟಡ ಸಂಹಿತೆ ಹೇಳುತ್ತದೆ, ಕೇಳುವವರು ಯಾರು? ವಾಸ್ತು ಕೇಳಲು ಹತ್ತು ಸಲ ಓಡಾಡುತ್ತೇವೆ, ಗಾಳಿ ಯಾವ ಕಡೆಯಿಂದ ಬರುತ್ತದೆಂದು ಒಮ್ಮೆಯೂ ಕೇಳುವುದಿಲ್ಲ. ಆಮೇಲೆ ಹಬ್ಬ ಬಂತೆಂದು ಬೂಷ್ಟಿನ ಮೇಲೆಯೇ ಬಣ್ಣ ಹೊಡೆಸುತ್ತೇವೆ! ಆರು ತಿಂಗಳಿಗೆ ಬಣ್ಣ ಹಪ್ಪಳದಂತೆ ಎದ್ದು ಒಳಗಿನದು ಮತ್ತೆ ಇಣುಕುತ್ತದೆ.

ಇದು ಬರೀ ಅಂದಚೆಂದದ ಮಾತಲ್ಲ. ತೇವ, ಬೂಷ್ಟು ಇರುವ ಮನೆಗಳಲ್ಲಿ ಉಸಿರಾಟದ ತೊಂದರೆ, ಅಸ್ತಮಾ ಹೆಚ್ಚೆಂದು ವಿಶ್ವ ಆರೋಗ್ಯ ಸಂಸ್ಥೆ 2009ರ ತನ್ನ ಮಾರ್ಗಸೂಚಿಯಲ್ಲೇ ಹೇಳಿದೆ.

ಎಲ್ಲ ಕಲೆಯೂ ಬೂಷ್ಟಲ್ಲ ಅನ್ನುವುದೂ ನಿಜ. ಬೋರಿನ ಸವಳು ನೀರಿನ ಊರಿನಲ್ಲಿ ಗೋಡೆ ಮೇಲಿನ ಬಿಳಿ ಪುಡಿ ಬಹಳ ಸಲ ಉಪ್ಪು. ಉಪ್ಪಾದರೆ ನೀರಿನ ಹನಿಗೆ ಕರಗುತ್ತದೆ, ಬೂಷ್ಟು ಕರಗುವುದಿಲ್ಲ. ಕಪ್ಪು ಕಲೆಗೆ ತಿಳಿ ಬ್ಲೀಚ್ ನೀರಿನ ಒಂದು ಹನಿ ಹಚ್ಚಿ. ಒಂದೆರಡು ನಿಮಿಷದಲ್ಲಿ ಬಣ್ಣ ತೆಳುವಾದರೆ ಅದು ಬಹುಶಃ ಬೂಷ್ಟು, ಆಗದಿದ್ದರೆ ಬರೀ ಕೊಳೆ. ಯಾವ ಜಾತಿಯದೆಂದು ಪರೀಕ್ಷೆಗೆ ಕಳಿಸಿ ದುಡ್ಡು ಕಳೆಯಬೇಡಿ. ಯಾವುದಾದರೂ ತೆಗೆಯಲೇಬೇಕು.

ನಾನು ಮಾಡಿದ್ದು ಇಷ್ಟೇ. ಗಾಜು ಕಿತ್ತು ಜಾಳಿಗೆ ಹಾಕಿಸಿದೆ, ಸೊಳ್ಳೆಯ ನೆಪವೂ ಹೋಯಿತು. ಎಕ್ಸಾಸ್ಟ್ ಫ್ಯಾನ್ ಕೂಡಿಸಿದೆ, ಸ್ನಾನವಾದ ಮೇಲೂ ಅರ್ಧ ತಾಸು ತಿರುಗುತ್ತದೆ. ಒಳಗೆ ಗಾಳಿ ಬರಲೆಂದು ಬಾಗಿಲ ಕೆಳಗೆ ಬೆರಳಗಲ ಸಂದಿ ಬಿಟ್ಟೆ. ಜಿನುಗುತ್ತಿದ್ದ ನಳ ರಿಪೇರಿಯಾಯಿತು. ಮೂಗು ಬಾಯಿಗೆ ಬಟ್ಟೆ ಕಟ್ಟಿಕೊಂಡು, ಸಾಬೂನು ನೀರು ಹಚ್ಚಿ ನಾನೇ ತಿಕ್ಕಿದೆ. ಉಬ್ಬಿದ ಬಣ್ಣ ಕೆರೆದು, ಗಿಲಾವು ಪೂರ್ತಿ ಒಣಗಿದ ಮೇಲೆ ಸುಣ್ಣ ಬಳಿದೆ. ಎರಡು ಮಳೆಗಾಲ ಕಳೆದವು, ಚುಕ್ಕಿ ಮರಳಿಲ್ಲ. ವಾರಕ್ಕೆ ಎರಡು ಸಲ ತಿಕ್ಕುವುದು ಒಂದಕ್ಕೆ ಇಳಿದಿದೆ, ಅದೂ ಈಗ ನನ್ನ ಪಾಳಿ.

ಮನೆ ಕಟ್ಟಿಸುತ್ತಿರುವ ಗೆಳೆಯರೇ, ಟೈಲ್ಸಿನ ಬಣ್ಣ ಆರಿಸುವ ಮೊದಲು ಬಚ್ಚಲಿನ ಕಿಟಕಿ ಎಲ್ಲಿ ತೆರೆಯುತ್ತದೆಂದು ನೋಡಿ. ಈಗಾಗಲೇ ಕಟ್ಟಿಸಿದ್ದೀರಾ? ಹಾಗಾದರೆ ಮುಂದಿನ ಸಲ ಚುಕ್ಕಿ ಕಂಡಾಗ ಹೆಂಡತಿಯನ್ನು ಕರೆಯಬೇಡಿ. ಗೌಂಡಿಯನ್ನು ಕರೆಯಿರಿ.

ಏನಂತೀರಿ?