ಖಾತೆ ಕಾಣದಿದ್ದರೆ ಫೈಲು ಹೋದಂತಲ್ಲ

ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್ ಸಂಸ್ಥೆ ಕೊಡುತ್ತಿದ್ದ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿಯಿತು. ಮನೆಯ ಕಂಪ್ಯೂಟರಿಗೆ ವಿಂಡೋಸ್ 11 ಹಾಕಿಸಿಕೊಂಡವರು ಅನೇಕರು. ಹಾಕಿಸಿದ ಮೇಲೆ ಒಮ್ಮೊಮ್ಮೆ ಹೀಗಾಗುವುದುಂಟು: ಪರದೆಯ ಮೇಲೆ ಮಗಳ ಹೆಸರೇ ಇಲ್ಲ, ಇದ್ದರೂ ಒಳಹೊಕ್ಕರೆ ಎಲ್ಲ ಖಾಲಿ. ಪ್ರಾಜೆಕ್ಟ್ ವರದಿ, ವಿದ್ಯಾರ್ಥಿವೇತನದ ಅರ್ಜಿ, ಸ್ಕ್ಯಾನ್ ಮಾಡಿಟ್ಟ ಅಂಕಪಟ್ಟಿ, ಯಾವುದೂ ಕಾಣದು. ಗಾಬರಿಯಾದ ತಂದೆ ಕಂಪ್ಯೂಟರನ್ನು ಅಂಗಡಿಗೆ ಒಯ್ಯುತ್ತಾರೆ. ‘ಫಾರ್ಮ್ಯಾಟ್ ಮಾಡಿಬಿಡೋಣ’ ಎಂಬ ಮಾತು ಬರುವುದು ಆಗ. ಫೈಲುಗಳು ನಿಜವಾಗಿ ಹೋಗುವುದೂ ಬಹುಮಟ್ಟಿಗೆ ಆಗಲೇ!

ಬಳಕೆದಾರರ ಖಾತೆ ಎಂದರೇನು? ಶಾಲೆಯ ದಾಖಲಾತಿ ಪುಸ್ತಕವನ್ನು ನೆನೆಸಿಕೊಳ್ಳಿ. ನಮ್ಮ ಬಿಳಿಗೆರೆ ಕಡೆ ಒಂದೇ ತರಗತಿಯಲ್ಲಿ ಇಬ್ಬರು ಮೂವರು ಮಹದೇವಸ್ವಾಮಿಗಳಿದ್ದರೆ ಆಶ್ಚರ್ಯವಿಲ್ಲ. ಅವರನ್ನು ಬೇರ್ಪಡಿಸುವುದು ಹೆಸರಲ್ಲ, ದಾಖಲಾತಿ ಸಂಖ್ಯೆ. ಕಂಪ್ಯೂಟರೂ ಪ್ರತಿ ಖಾತೆಗೆ ಒಂದು ಗುರುತಿನ ಸಂಖ್ಯೆ ಕೊಡುತ್ತದೆ. ಹೆಸರು ನಮ್ಮ ಅನುಕೂಲಕ್ಕೆ ಅಷ್ಟೆ. ಫೈಲುಗಳು ಇರುವುದು ಬೇರೆ ಕಡೆ, ಸಿ ಡ್ರೈವಿನ ‘ಯೂಸರ್ಸ್’ ಎಂಬ ಫೋಲ್ಡರಿನಲ್ಲಿ. ಪುಸ್ತಕದಲ್ಲಿ ಹೆಸರು ಸಿಗದಿದ್ದ ಮಾತ್ರಕ್ಕೆ ಬೆಂಚಿನ ಮೇಲಿನ ಚೀಲ ಮಾಯವಾಗುತ್ತದೆಯೆ? ಆದರೆ ಅದೇ ಹೆಸರಿನಲ್ಲಿ ಹೊಸ ಖಾತೆ ತೆರೆದರೆ ಸಂಖ್ಯೆ ಬೇರೆಯಾಗುತ್ತದೆ. ಯಂತ್ರದ ಪಾಲಿಗೆ ಆತ ಹೊಸ ಹುಡುಗ, ಹಳೆಯ ಚೀಲ ಅವನದಲ್ಲ.

2020ರ ಫೆಬ್ರವರಿಯಲ್ಲಿ ವಿಂಡೋಸ್ 10ರ ಒಂದು ಅಪ್‌ಡೇಟ್ ಆದ ಮೇಲೆ ಹಲವರಿಗೆ ಹೀಗೇ ಆಗಿತ್ತು. ಯಂತ್ರ ಅವರನ್ನು ತಾತ್ಕಾಲಿಕ ಖಾತೆಯೊಳಗೆ ಬಿಟ್ಟಿತ್ತು. ಅವರ ಫೋಲ್ಡರು ಹೆಸರಿನ ಕೊನೆಗೆ ಮೂರು ಸೊನ್ನೆ ಅಂಟಿಸಿಕೊಂಡು ಅಲ್ಲೇ ಇತ್ತು. ಕೆಲವರಿಗೆ ಕಂಪ್ಯೂಟರನ್ನು ಮತ್ತೆ ಮತ್ತೆ ರೀಸ್ಟಾರ್ಟ್ ಮಾಡಿದ್ದರಿಂದಲೇ ಸರಿಹೋಯಿತು. 2018ರ ಅಕ್ಟೋಬರಿನ ಕಥೆ ಬೇರೆ. ಆಗ ಕೆಲವರ ಫೈಲುಗಳು ನಿಜಕ್ಕೂ ಅಳಿಸಿಹೋದವು, ಕಂಪನಿ ಆ ಅಪ್‌ಡೇಟನ್ನೇ ತಡೆಹಿಡಿಯಿತು. ಅಪ್‌ಡೇಟಿಗೆ ಮುಂಚೆ ಪೆನ್‌ಡ್ರೈವಿಗೆ ಒಂದು ಪ್ರತಿ ಎಂದು ನಾನು ಹಟ ಹಿಡಿಯುವುದು ಇದಕ್ಕೇ.

ತಾತ್ಕಾಲಿಕ ಖಾತೆಯಲ್ಲಿ ಏನನ್ನೂ ಬರೆದಿಡಬೇಡಿ; ಹೊರಬಂದೊಡನೆ ಅದು ಅಳಿಯುತ್ತದೆ. ಸೈನ್ ಔಟ್ ಆಗಿ, ರೀಸ್ಟಾರ್ಟ್ ಮಾಡಿ ನೋಡಿ. ಆಗದಿದ್ದರೆ ಅಡ್ಮಿನಿಸ್ಟ್ರೇಟರ್ ಅಧಿಕಾರವಿರುವ ಖಾತೆಯಿಂದ ಒಳಹೊಕ್ಕು ‘ಯೂಸರ್ಸ್’ ತೆರೆಯಿರಿ. ಅಲ್ಲಿಲ್ಲವೆ? ‘ವಿಂಡೋಸ್ ಓಲ್ಡ್’ ಎಂಬ ಫೋಲ್ಡರಿನೊಳಗೆ ಹುಡುಕಿ. ಅದು ಉಳಿಯುವುದು ಸಾಮಾನ್ಯವಾಗಿ 10 ದಿನ ಮಾತ್ರ, ಆದ್ದರಿಂದ ‘ಭಾನುವಾರ ನೋಡೋಣ’ ಎನ್ನಬೇಡಿ. ಸಿಕ್ಕಿದ್ದನ್ನು ಮೊದಲು ಪೆನ್‌ಡ್ರೈವಿಗೆ ನಕಲು ಮಾಡಿ. ಹಳೆಯ ಖಾತೆಯನ್ನು ಡಿಲೀಟ್ ಮಾಡಲು ಹೋಗಬೇಡಿ, ಹಾಗೆ ಮಾಡಿದರೆ ಚೀಲವೂ ಅದರೊಂದಿಗೆ ಹೋದೀತು.

ಈಚಿನ ಅನೇಕ ಲ್ಯಾಪ್‌ಟಾಪ್‌ಗಳಲ್ಲಿ ಇಡೀ ಡ್ರೈವಿಗೇ ಬಿಟ್‌ಲಾಕರ್ ಬೀಗ ಇರುತ್ತದೆ. ಡಿಸ್ಕ್ ಬಿಚ್ಚಿ ಬೇರೆ ಕಂಪ್ಯೂಟರಿಗೆ ಜೋಡಿಸಿದರೆ ಅದು 48 ಅಂಕಿಗಳ ಕೀಲಿ ಕೇಳುತ್ತದೆ. ಲ್ಯಾಪ್‌ಟಾಪ್ ಕೊಂಡಾಗ ಯಾರ ಇ-ಮೇಲ್ ವಿಳಾಸ ಕೊಟ್ಟಿರೋ ಅವರ ಮೈಕ್ರೋಸಾಫ್ಟ್ ಖಾತೆಯಲ್ಲಿ ಸಾಮಾನ್ಯವಾಗಿ ಆ ಕೀಲಿ ಇರುತ್ತದೆ. ಅದನ್ನು ಈಗಲೇ ತೆರೆದು, ಮನೆಯ ಲೆಕ್ಕದ ಪುಸ್ತಕದಲ್ಲಿ ಬರೆದಿಡಿ. ಇನ್ನು ನುಡಿಯಲ್ಲಿ ಟೈಪು ಮಾಡಿದ ಹಳೆಯ ಫೈಲು ಸಿಕ್ಕಿಯೂ ಇಂಗ್ಲಿಷ್ ಅಕ್ಷರಗಳ ಕಲಸುಮೇಲೋಗರವಾಗಿ ಕಂಡರೆ ಹೆದರಬೇಡಿ. ಹೊಸ ಖಾತೆಯಲ್ಲಿ ನುಡಿ ಅಕ್ಷರಶೈಲಿ ಇಲ್ಲದಿರಬಹುದು, ಹಾಕಿ ನೋಡಿ.